ಮಹಾವೀರಾಚಾರ್ಯನ ಅಂಕಹಾರ

ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ 27994681ನ್ನು 441ರಿಂದ ಗುಣಿಸಿ 12345654321 ಎಂಬ ರಾಶಿಯನ್ನು ಪಡೆದಿರುವನು. ಆರರವರೆಗೆ ಏರಿ ಮತ್ತೆ ಇಳಿಯುವ ಈ ಹಾರವನ್ನು ಬರಿಯ ಚಮತ್ಕಾರವೆಂದು ಕಡೆಗಣಿಸುವುದು ಯುಕ್ತವಲ್ಲ. ಗುಣ್ಯವು 5291ರ ವರ್ಗ, ಗುಣಕವು 21ರ ವರ್ಗ. ಆದುದರಿಂದ ಲಬ್ಧವು 111111ರ ವರ್ಗವೇ ಆಗಿರುವುದು. ಆರು ಒಂದುಗಳ ಪಂಕ್ತಿಯನ್ನು ಒಂದೊಂದು ಸ್ಥಾನ ಸರಿಸಿ ಆರು ಬಾರಿ ಬರೆದು ಕೂಡುವಾಗ ಯಾವ ಸ್ಥಾನದಲ್ಲಿಯೂ ಮೊತ್ತವು ಒಂಬತ್ತನ್ನು ಮೀರದು. ಹಾರವು ಕೆಡದಿರುವುದಕ್ಕೆ ಇದೇ ಕಾರಣ. ಒಂಬತ್ತು ಒಂದುಗಳವರೆಗೆ ಹೀಗೆಯೇ ನಡೆಯುವುದು. ಹತ್ತಾದೊಡನೆ 1234567900987654321 ಎಂದು ಹಾರವು ಹರಿಯುವುದು.

ಪಾಠಶೋಧಕರಿಗೆ ಇದರಿಂದ ಪ್ರಯೋಜನವುಂಟು. ಲಬ್ಧವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅಲ್ಲಿ ವಾಮಗತಿಯ ಶಂಕೆಯಿಲ್ಲ. ಗುಣ್ಯದಲ್ಲಿಯಾದರೋ ಲಿಪಿಕಾರನು ಒಂದಂಕವನ್ನು ತಪ್ಪಿದರೂ, ಓದುಗನು ದಿಕ್ಕನ್ನು ತಪ್ಪಿದರೂ, ಈ ಹಾರವು ದೊರೆಯದು. ಪ್ರತಿಯ ದೋಷವನ್ನು ಲೆಕ್ಕವೇ ಹಿಡಿದುಕೊಡುವುದು.