ಭಕ್ಷ್ಯದ ಮೇಲಣ ಹೂವು

ಹೂವಿಗೂ ಅಡುಗೆಗೂ ಇರುವ ನಂಟು ಕನ್ನಡನಾಡಿಗೆ ಹೊಸತಲ್ಲ. ಬಾಳೆಯ ಹೂವಿನ ಪಲ್ಯ, ನುಗ್ಗೆಯ ಹೂವಿನ ಪಲ್ಯ, ಗುಲಾಬಿಯ ಎಸಳಿನ ಗುಲ್ಕಂದ ಇವೆಲ್ಲ ಬಹುಕಾಲದಿಂದ ಬಳಕೆಯಲ್ಲಿರುವ ಪದಾರ್ಥಗಳೇ. ಹೊಸತಾದುದು ಕೇಕಿನ ಮೇಲೆ ಬಿಡಿಹೂವನ್ನು ಇರಿಸುವ ಪದ್ಧತಿ. ಬೆಂಗಳೂರಿನ ದಕ್ಷಿಣ ಭಾಗದ ಜನರಿಗೆ ಕೇಕಿನ ರುಚಿ ಹತ್ತಿಸಿದವು ಅಯ್ಯಂಗಾರ್ ಬೇಕರಿಗಳು. ಅವುಗಳ ಹನಿ ಕೇಕಿಗೆ ಜಾಮಿನ ಲೇಪ, ಅದರ ಮೇಲೆ ಉದುರಿಸಿದ ಕೊಬ್ಬರಿತುರಿ, ಇವಿಷ್ಟೇ ಅಲಂಕಾರ. ಇಂದು ಹುಟ್ಟುಹಬ್ಬ, ಮದುವೆ, ಶಾಲೆಯ ಸಮಾರಂಭಗಳ ಕೇಕುಗಳು ನಿಜವಾದ ಹೂಗಳನ್ನು ಮುಡಿದು ಬರುತ್ತಿವೆ. ಯಡಿಯೂರಿನ ಗೃಹಿಣಿಯು ಆ ಹೂಗಳನ್ನು ಗಾಂಧಿಬಜಾರಿನಿಂದಲೋ ಮನೆಯಂಗಳದಿಂದಲೋ ತರುತ್ತಾಳೆ. ಅವುಗಳಲ್ಲಿ ಯಾವುದು ಸಲ್ಲುವುದು, ಯಾವುದು ಸಲ್ಲದು ಎಂಬ ವಿವೇಚನೆ ಈಗ ಅವಶ್ಯವಾಗಿದೆ.

ಇಲ್ಲಿ ಮೊದಲು ಅರಿಯತಕ್ಕ ಮಾತೊಂದುಂಟು. ಪೂಜೆಗೆ ಸಲ್ಲುವುದು, ಮುಡಿಗೆ ಸಲ್ಲುವುದು, ನಾಲಗೆಗೆ ಸಲ್ಲುವುದು ಎಂದು ಹೂವಿನ ಯೋಗ್ಯತೆ ಮೂರು ಬಗೆ. ಒಂದಕ್ಕೆ ಸಂದ ಹೂವು ಮತ್ತೊಂದಕ್ಕೂ ಸಲ್ಲುವುದೆಂದು ಭಾವಿಸುವುದೇ ಅಪಾಯದ ಮೂಲ.

ಇದಕ್ಕೆ ಕಣಗಿಲೆಯೇ ಸಾಕ್ಷಿ. ಶಿವಪೂಜೆಗೆ ಪ್ರಿಯವಾದ ಈ ಹೂವಿಗೆ ಸಂಸ್ಕೃತದಲ್ಲಿ ಕರವೀರವೆಂದು ಹೆಸರು. ಅಮರಕೋಶವು ಇದಕ್ಕೆ ಹೇಳುವ ಪರ್ಯಾಯನಾಮಗಳಲ್ಲಿ ‘ಹಯಮಾರಕ’ ಎಂಬುದೂ ಒಂದು. ಎಂದರೆ ಕುದುರೆಯನ್ನು ಕೊಲ್ಲುವುದು. ಪ್ರಾಚೀನರು ಅದನ್ನು ದೇವರಿಗೆ ಏರಿಸಿದರು, ಅದರ ವಿಷವನ್ನೂ ಹೆಸರಿನಲ್ಲೇ ಸಾರಿದರು. ಎಲೆ, ಹೂವು, ತೊಗಟೆ, ಬೇರು ಎಲ್ಲದರಲ್ಲಿಯೂ ಹೃದಯದ ಬಡಿತವನ್ನು ಕೆಡಿಸುವ ವಿಷಾಂಶಗಳಿವೆಯೆಂದು ಆಧುನಿಕ ವಿಜ್ಞಾನವೂ ಹೇಳುತ್ತದೆ. ಹಳದಿ ಕಣಗಿಲೆಯೂ ಅಷ್ಟೇ ಘಾತಕ. ಕೇರಳದಲ್ಲಿ 2024ರಲ್ಲಿ, ಕಣಗಿಲೆಯನ್ನು ಅಗಿದುದೇ ಕಾರಣವೆಂದು ಶಂಕಿಸಲಾದ ಮರಣವೊಂದು ಸಂಭವಿಸಿದ ತರುವಾಯ, ತಿರುವಾಂಕೂರು ದೇವಸ್ವಂ ಮಂಡಳಿಯು ತನ್ನ ದೇವಾಲಯಗಳಲ್ಲಿ ನೈವೇದ್ಯ ಪ್ರಸಾದಗಳಿಗೆ ‘ಅರಳಿ’ ಹೂವನ್ನು ಬಳಸಕೂಡದೆಂದು ವಿಧಿಸಿತು. ಮಲಯಾಳದಲ್ಲಿ ಅರಳಿಯೆಂದರೆ ಕಣಗಿಲೆ, ಕನ್ನಡದ ಅರಳಿಮರವಲ್ಲ. ಪೂಜೆಗೆ ಮಾತ್ರ ಅದು ನಿಷಿದ್ಧವಾಗಲಿಲ್ಲ. ಪೂಜೆಯ ಹೂವು ಬೇರೆ, ಪ್ರಸಾದದ ಹೂವು ಬೇರೆ ಎಂಬ ವಿವೇಕ ಆ ನಿರ್ಣಯದಲ್ಲಿದೆ.

ಸೇವಿಸಬಾರದ ಹೂಗಳು ಇನ್ನೂ ಹಲವುಂಟು. ಉಮ್ಮತ್ತದ ಹೂವು ತನ್ನ ಹೆಸರಿಗೆ ತಕ್ಕಂತೆ ಬುದ್ಧಿಯನ್ನು ಕದಡುವುದು. ಅಗ್ನಿಶಿಖೆಯ ಗಿಡವೆಲ್ಲ ವಿಷಮಯ. ಎಕ್ಕದ ಹಾಲು ಬಾಯನ್ನೂ ಕಣ್ಣನ್ನೂ ಸುಡುವುದು. ದೇವಕಣಗಿಲೆಯನ್ನು ಕೆಲವೆಡೆ ಹಾಲುಸಂಪಿಗೆ ಎನ್ನುವರು. ಅದು ಸಂಪಿಗೆಯ ಜಾತಿಯಲ್ಲ, ಅದರ ಹಾಲೂ ಉರಿಯೆಬ್ಬಿಸುವಂಥದು. ಹೂಗುಚ್ಛಗಳ ನಡುವೆ ಸಿಕ್ಕಿಸುವ ಜಿಪ್ಸೋಫಿಲಾ ಎಂಬ ಪುಟ್ಟ ಬಿಳಿಹೂವೂ ಸೇವನೆಗೆ ಸಲ್ಲದು. ಒಂದೇ ಹೂವಿಗೆ ಊರಿಗೊಂದು ಹೆಸರಿರುವುದರಿಂದ ಹೆಸರನ್ನಷ್ಟೇ ನಂಬದೆ ಗಿಡವನ್ನು ನಿಶ್ಚಯವಾಗಿ ಗುರುತಿಸತಕ್ಕದ್ದು. ಸಂದೇಹವಿದ್ದಲ್ಲಿ ಬಿಡುವುದೇ ಲೇಸು.

ಹಾಗಾದರೆ ಗುಲಾಬಿಯಂಥ ನಿರ್ದೋಷ ಪುಷ್ಪವನ್ನು ಅಂಗಡಿಯಿಂದ ತಂದು ಇರಿಸಬಹುದೆ? ಅದೂ ಸಲ್ಲದು. ಅಲಂಕಾರಕ್ಕಾಗಿ ಬೆಳೆದ ಹೂವಿಗೆ ಕೀಟನಾಶಕ, ಬೂಷ್ಟುನಾಶಕಗಳನ್ನು ಸಿಂಪಡಿಸುವಾಗ ಅದನ್ನು ಯಾರಾದರೂ ತಿಂದಾರೆಂಬ ಎಣಿಕೆಯೇ ಇರುವುದಿಲ್ಲ. ಬೆಲ್ಜಿಯಂ ದೇಶದಲ್ಲಿ 90 ಹೂಗುಚ್ಛಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟು 107 ಬಗೆಯ ಔಷಧಗಳ ಶೇಷ ಕಂಡುಬಂದಿತು. ಅವುಗಳಲ್ಲಿ ಗುಲಾಬಿಯದೇ ಮೇಲುಗೈ. ನೀರಿನಲ್ಲಿ ತೊಳೆದ ಮಾತ್ರಕ್ಕೆ ಇವೆಲ್ಲ ಹೋಗುವುವೆಂದು ನಂಬಲಾಗದು. ಬಣ್ಣ ಕಟ್ಟಿದ ಹೂವು, ರಸ್ತೆಯ ಬದಿಯ ಹೂವು, ದೇವರ ಮೇಲಿಂದ ತೆಗೆದ ನಿರ್ಮಾಲ್ಯ ಇವನ್ನೂ ವರ್ಜಿಸಬೇಕು.

ಯೋಗ್ಯವಾದುದು ಔಷಧ ಸೋಂಕದೆ ಮನೆಯಂಗಳದಲ್ಲಿಯೋ ಮಹಡಿಯ ಕುಂಡದಲ್ಲಿಯೋ ಬೆಳೆದ ಹೂವು, ಅಥವಾ ಆಹಾರಕ್ಕೆಂದೇ ಬೆಳೆದು ಮಾರುವ ಹೂವು. ಗುಲಾಬಿ, ದಾಸವಾಳ, ದುಂಡುಮಲ್ಲಿಗೆ, ಶಂಖಪುಷ್ಪ, ಚೆಂಡುಹೂವಿನ ಎಸಳು ಇವು ಮಿತವಾಗಿ ಬಳಸಲು ತಕ್ಕವು. ಬೆಳಗಿನಲ್ಲಿ ಕೊಯ್ದು, ಹುಳುವಿಲ್ಲದಂತೆ ನೋಡಿ, ತಣ್ಣೀರಿನಲ್ಲಿ ಮೆಲ್ಲನೆ ಅದ್ದಿ, ಶುಭ್ರವಾದ ಬಟ್ಟೆಯ ಮೇಲೆ ಆರಿಸಬೇಕು. ತೊಟ್ಟನ್ನೂ ಕೇಸರಗಳನ್ನೂ ತೆಗೆದು ಎಸಳನ್ನಷ್ಟೇ ಉಳಿಸಿಕೊಳ್ಳಬೇಕು. ಗುಲಾಬಿಯ ಎಸಳಿನ ಬುಡದ ಬಿಳಿಯ ಭಾಗ ಕಹಿಯಾದುದರಿಂದ ಅದನ್ನು ಕತ್ತರಿಸುವುದು ಒಳಿತು. ಧೂಳೀಪರಾಗಗಳಿಂದ ಉಬ್ಬಸ, ಕಜ್ಜಿಗಳಾಗುವ ಪ್ರಕೃತಿಯವರು ಇವನ್ನೂ ತಿನ್ನದಿರುವುದೇ ಕ್ಷೇಮ.

ಇಡೀ ಹೂವನ್ನೇ ನಿಲ್ಲಿಸಬೇಕೆನಿಸಿದರೆ ತೊಟ್ಟನ್ನು ಕೇಕಿನೊಳಗೆ ನೇರವಾಗಿ ಚುಚ್ಚಕೂಡದು. ತೊಟ್ಟಿನ ರಸವೂ ಅದು ಹೀರಿದ ನೀರೂ ತಿನಿಸಿಗೆ ಇಳಿಯುವುವು. ಆಹಾರಕ್ಕೆ ಯೋಗ್ಯವಾದ ಕೊಳವೆಯನ್ನು ಮೊದಲು ಕೇಕಿನಲ್ಲಿ ನಾಟಿ, ಅದರೊಳಗೆ ತೊಟ್ಟನ್ನು ಇಳಿಸಬೇಕು. ತಂತಿ, ಗುಂಡುಸೂಜಿಗಳನ್ನು ಬಳಸಲೇಬಾರದು. ಬಡಿಸುವುದಕ್ಕೆ ಸ್ವಲ್ಪ ಮುಂಚೆ ಹೂವಿರಿಸಿ, ಕೇಕನ್ನು ಕತ್ತರಿಸುವ ಮುನ್ನ ಎಣಿಸಿ ತೆಗೆಯುವುದು ಉಚಿತ. ಆದರೆ ಕೊಳವೆಯಲ್ಲಿಟ್ಟರೆ ವಿಷಪುಷ್ಪವೂ ಸಲ್ಲುವುದೆಂಬ ತರ್ಕ ಸರಿಯಲ್ಲ. ಉದುರಿದ ಎಸಳೊಂದು ಮಗುವಿನ ಬಾಯಿಗೆ ಹೋಗಲು ಕ್ಷಣವೂ ಬೇಡ. ಹೂವಿನ ಸೊಬಗೇ ಮುಖ್ಯವೆನ್ನುವವರಿಗೆ ಸಕ್ಕರೆಯ ಹೂಗಳುಂಟು. ಬೆಂಗಳೂರಿನಲ್ಲಿ ಡಿಸೆಂಬರಿನಲ್ಲಿ ನಡೆಯುವ ಕೇಕ್ ಪ್ರದರ್ಶನಗಳನ್ನು ನೋಡಿದವರು ಸಕ್ಕರೆಯಲ್ಲಿ ಏನೆಲ್ಲ ಅರಳಿಸಬಹುದೆಂಬುದನ್ನು ಬಲ್ಲರು.

ಅಕಸ್ಮಾತ್ತಾಗಿ ಮಗುವು ಕಣಗಿಲೆಯಂಥ ಹೂವನ್ನು ತಿಂದರೆ ವಾಂತಿ, ಹೊಟ್ಟೆನೋವು, ಮಂಪರು ಕಾಣುವವರೆಗೆ ಕಾಯಬಾರದು. ಮನೆಮದ್ದಿಗೆ ತೊಡಗದೆ, ವಾಂತಿ ಮಾಡಿಸಲು ಹೋಗದೆ, ತಿಂದ ಹೂವಿನ ಒಂದು ತುಂಡನ್ನೂ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಶಾಲೆಗಳಲ್ಲಿ ಮಕ್ಕಳಿಗೆ ಹೂಗಳ ಹೆಸರನ್ನು ಕಲಿಸುವುದುಂಟು. ಹೆಸರಿನೊಡನೆ ಗುಣವನ್ನೂ ಕಲಿಸಿದರೆ ಆ ಪಾಠ ಪೂರ್ಣವಾಗುವುದು. ಹಯಮಾರಕವೆಂಬ ಶಬ್ದದ ಅರ್ಥವನ್ನು ತಿಳಿದ ವಿದ್ಯಾರ್ಥಿಯು ಕಣಗಿಲೆಗೆ ಕೈಮುಗಿದಾನು, ಅದನ್ನು ಬಾಯಿಗೆ ಹಾಕಿಕೊಳ್ಳನು.