ಕಾರಿನ ಮುಂದೀಪದ ಜೀರ್ಣೋದ್ಧಾರ

ಕನ್ನಡನಾಡಿನ ಪ್ರಾಚೀನ ಶಾಸನಗಳಲ್ಲಿ ದತ್ತಿಯ ಉದ್ದೇಶವನ್ನು ಹೇಳುವಾಗ ಎರಡು ಮಾತುಗಳು ಮರಳಿ ಮರಳಿ ಬರುತ್ತವೆ. ಒಂದು ನಂದಾದೀವಿಗೆ, ಮತ್ತೊಂದು ಖಂಡಸ್ಫುಟಿತ ಜೀರ್ಣೋದ್ಧಾರ. ದೇಗುಲವನ್ನು ಕಟ್ಟಿಸಿದವರು ಅಷ್ಟಕ್ಕೇ ತೃಪ್ತರಾಗದೆ, ಮುಂದೆ ಅದನ್ನು ಸರಿಪಡಿಸುವುದಕ್ಕೂ ಭೂಮಿಯನ್ನು ಬಿಡುತ್ತಿದ್ದರು. ಈ ಸಮಾಸದಲ್ಲಿ ಮೂರು ಬೇರೆ ಬೇರೆ ಅವಸ್ಥೆಗಳು ಅಡಗಿವೆ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು, ಜೀರ್ಣವೆಂದರೆ ಕಾಲಕ್ರಮದಲ್ಲಿ ಸವೆದು ಮಾಸಿದುದು. ಈ ಮೂರನ್ನು ಬೇರ್ಪಡಿಸಿ ನೋಡುವ ವಿವೇಕವಿದ್ದಲ್ಲಿ ದುರಸ್ತಿ ಸಾಧ್ಯ. ಇಲ್ಲವಾದರೆ ‘ಹಾಳಾಯಿತು’ ಎಂಬ ಒಂದೇ ಮಾತಿನಲ್ಲಿ ಎಲ್ಲವೂ ಮುಗಿದು ವಸ್ತುವು ತಿಪ್ಪೆಯನ್ನು ಸೇರುತ್ತದೆ.

ಇಂದು ಮನೆಯಂಗಳದಲ್ಲಿ ನಿಲ್ಲುವ ಕಾರಿನ ಹೆಡ್‌ಲೈಟಿಗೂ ಈ ವಿವೇಕವು ಅತ್ಯವಶ್ಯ. ಗೇಟಿನ ಕಂಬಕ್ಕೋ ಮುಂದಿನ ವಾಹನಕ್ಕೋ ತುಸು ತಗುಲಿದರೂ ಸಾಕು, ‘ಸೆಟ್ಟನ್ನೇ ಬದಲಾಯಿಸಬೇಕು’ ಎಂಬ ಉತ್ತರ ಸಿದ್ಧವಾಗಿರುತ್ತದೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿನ ಕಾಲದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಆ ಕಾರಿಗೂ ಜೀಪಿಗೂ ಏಳು ಅಂಗುಲದ ಗುಂಡುದೀಪವೇ ಇದ್ದು, ಒಂದರ ಬಿಡಿಭಾಗವನ್ನು ಮತ್ತೊಂದಕ್ಕೆ ಹೊಂದಿಸಬಹುದಾಗಿತ್ತು. ಇಂದಿನ ದೀಪವಾದರೋ ಒಂದೊಂದು ಮಾದರಿಗೆ ಒಂದೊಂದು ಆಕಾರದ್ದು. ಅದರ ಅಂಗಗಳನ್ನೆಲ್ಲ ಅಂಟಿಸಿ ಒಂದೇ ಘಟಕವಾಗಿ ಮಾರುತ್ತಾರೆ. ವಿಮೆಯೂ ಪೂರ್ಣವಾಗಿ ಕೈಹಿಡಿಯದು. ಸಾಮಾನ್ಯ ಸಮಗ್ರ ವಿಮೆಯಲ್ಲಿ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಶೇಕಡಾ 50ರಷ್ಟನ್ನು ಸವಕಳಿಯೆಂದು ಕಳೆಯಲಾಗುತ್ತದೆ. ಪರಿಹಾರ ಕೇಳಿದ ವರ್ಷ, ಕೇಳದವರಿಗೆ ಸಲ್ಲುವ ರಿಯಾಯಿತಿಯೂ ತಪ್ಪುತ್ತದೆ. ಆದುದರಿಂದ, ಕೆಟ್ಟಿರುವುದು ದೀಪವೋ ಅಥವಾ ದೀಪದ ಒಂದು ಅಂಗವೋ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳುವುದು ಯುಕ್ತ.

ದೀಪದ ರಚನೆ

ಹೆಡ್‌ಲೈಟಿನ ಮುಖ್ಯ ಅಂಗಗಳು ನಾಲ್ಕು: ಬೆಳಕನ್ನು ಹುಟ್ಟಿಸುವ ಬಲ್ಬು, ಅದನ್ನು ಮುಂದಕ್ಕೆ ತಿರುಗಿಸುವ ಪ್ರತಿಫಲಕ, ಮುಂದಿನ ಪಾರದರ್ಶಕ ಮುಚ್ಚಳ ಮತ್ತು ಇವೆಲ್ಲವನ್ನೂ ಹಿಡಿದಿರುವ ಹಿಂದಿನ ಕವಚ. ಶಾಲೆಯಲ್ಲಿ ಕಲಿಸುವ ಪರವಲಯದ ಗುಣವೇ ಇಲ್ಲಿಯ ತತ್ತ್ವ. ನಾಭಿಯಲ್ಲಿ ಹುಟ್ಟಿದ ಕಿರಣಗಳು ಪರವಲಯಾಕಾರದ ಕನ್ನಡಿಯನ್ನು ತಾಗಿ ಸಮಾಂತರವಾಗಿ ಹೊರಡುತ್ತವೆ. ಬಹಳ ಕಾರುಗಳಲ್ಲಿರುವ ಎಚ್4 ಬಲ್ಬಿನಲ್ಲಿ ಎರಡು ತಂತುಗಳಿವೆ. 60 ವ್ಯಾಟಿನದು ದೂರದ ಬೆಳಕಿಗೆ, 55 ವ್ಯಾಟಿನದು ತಗ್ಗಿದ ಬೆಳಕಿಗೆ. ಎರಡನೆಯದು ನಾಭಿಗಿಂತ ತುಸು ಮುಂದೆ ಇದ್ದು, ಅದರ ಕೆಳಗೆ ಪುಟ್ಟ ಲೋಹದ ಬಟ್ಟಲೊಂದು ಮರೆಯಾಗಿರುತ್ತದೆ. ಮೇಲಕ್ಕೇಳುವ ಬೆಳಕನ್ನು ತಡೆದು ಎದುರಿನವರ ಕಣ್ಣು ಕುಕ್ಕದಂತೆ ಮಾಡುವುದು ಆ ಬಟ್ಟಲಿನ ಕೆಲಸ.

ಹಳೆಯ ದೀಪಗಳಲ್ಲಿ ಗಾಜಿನ ಮೇಲಣ ಗೀರುಗಳು ಬೆಳಕನ್ನು ಹರಡುತ್ತಿದ್ದವು. ಗಾಜು ಒಡೆದರೆ ಬೆಳಕೇ ಕೆಡುತ್ತಿತ್ತು. ಇಂದಿನ ಬಹುತೇಕ ದೀಪಗಳಲ್ಲಿ ಮುಚ್ಚಳವು ನಿರ್ಮಲವಾಗಿದ್ದು, ಬೆಳಕನ್ನು ರೂಪಿಸುವ ಹೊಣೆ ಪ್ರತಿಫಲಕದ ಮೇಲೆ ಬಿದ್ದಿದೆ. ಆದುದರಿಂದ ಮುಚ್ಚಳದ ಅಂಚಿನ ಬಿರುಕು, ಕವಚದ ಮುರಿತ ಇವು ದುರಸ್ತಿಗೆ ಒಗ್ಗುತ್ತವೆ; ಪ್ರತಿಫಲಕದ ಕೆಡುಕು ಒಗ್ಗುವುದಿಲ್ಲ.

ಖಂಡ: ಮುರಿದ ಕಿವಿಗಳು

ಸಣ್ಣ ಡಿಕ್ಕಿಯಲ್ಲಿ ಮೊದಲು ಮುರಿಯುವುದು ದೀಪವನ್ನು ಗಾಡಿಯ ಮೈಗೆ ಬಿಗಿಯುವ ಕಿವಿಗಳು. ಕಿವಿ ಮುರಿದರೆ ದೀಪವು ಅಲ್ಲಾಡುತ್ತದೆ, ಬೆಳಕು ನಡುಗುತ್ತದೆ. ಬ್ಯಾಟರಿಯ ಋಣಧ್ರುವದ ತಂತಿಯನ್ನು ಬಿಡಿಸಿ, ಸ್ಕ್ರೂಗಳನ್ನು ಕಳಚಿ, ದೀಪವನ್ನು ಹೊರತೆಗೆಯಬೇಕು. ಮುರಿದ ಚೂರುಗಳು ಸಿಕ್ಕಿದರೆ ಅವನ್ನು ಜೋಪಾನವಾಗಿ ಕಾಯ್ದಿರಿಸಬೇಕು. ಕವಚದ ಹಿಂಭಾಗದಲ್ಲಿ ಪ್ಲಾಸ್ಟಿಕ್ಕಿನ ಜಾತಿಯನ್ನು ಸೂಚಿಸುವ ಅಕ್ಷರಗಳು ಅಚ್ಚಾಗಿರುವುದುಂಟು. ‘ಪಿಪಿ’ ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಇದಕ್ಕೆ ಸಾಮಾನ್ಯ ಅಂಟು ಹಿಡಿಯದು. ಇಂದು ಅಂಟಿಸಿದ್ದು ನಾಳೆ ಕಿತ್ತುಬರುತ್ತದೆ. ಇದಕ್ಕೆ ಬೆಸುಗೆಯೇ ಮಾರ್ಗ. ಮುರಿದ ಅಂಚುಗಳನ್ನು ಉಜ್ಜಿ ನಡುವೆ ಇಳಿಜಾರಾದ ಕಾಲುವೆಯೊಂದನ್ನು ಮಾಡಿ, ತುಕ್ಕು ಹಿಡಿಯದ ಉಕ್ಕಿನ ಸಣ್ಣ ಜಾಲರಿಯನ್ನು ಅದರ ಮೇಲಿಟ್ಟು, ಸೋಲ್ಡರಿಂಗ್ ಐರನ್ನಿನ ಕಾವಿನಿಂದ ಒಳಗಿಳಿಸಬೇಕು. ಬಳಿಕ ಅದೇ ಜಾತಿಯ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಕರಗಿಸಿ ಮೇಲೆ ತುಂಬಬೇಕು. ಒಡೆದ ಹಳೆಯ ಬಂಪರಿನ ಚೂರಿನಲ್ಲಿ ಅದೇ ಅಕ್ಷರಗಳಿದ್ದರೆ ಅದೂ ಸಲ್ಲುತ್ತದೆ. ಹೊಗೆಯು ಹಾನಿಕರವಾದುದರಿಂದ ಈ ಕೆಲಸವನ್ನು ಗಾಳಿಯಾಡುವ ಬಯಲಿನಲ್ಲಿಯೇ ಮಾಡತಕ್ಕದ್ದು.

ಸ್ಫುಟಿತ: ಬಿರಿದ ಮುಚ್ಚಳ

ಜನರು ಗಾಜೆಂದು ಕರೆಯುವ ಮುಂದಿನ ಮುಚ್ಚಳವು ಇಂದು ಗಾಜಲ್ಲ. ಅದು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಪೆಟ್ಟನ್ನು ತಾಳುವುದರಲ್ಲಿ ಇದು ಗಾಜಿಗಿಂತ ಎಷ್ಟೋ ಮೇಲು. ಆದರೆ ಪೆಟ್ರೋಲು, ಥಿನ್ನರು, ಅಸಿಟೋನು ತಾಗಿದರೆ ಇದರ ಮೈಯೆಲ್ಲ ಬಿರಿಯುತ್ತದೆ. ಕೊಳೆಯನ್ನು ಪೆಟ್ರೋಲಿನಿಂದ ಒರೆಸುವ ರೂಢಿಯನ್ನು ಇಲ್ಲಿ ಬಿಡಲೇಬೇಕು. ಸಾಬೂನಿನ ನೀರೇ ಸಾಕು.

ಬಿರುಕು ಚಿಕ್ಕದಾಗಿ ಅಂಚಿನಲ್ಲಿದ್ದರೆ, ಮೊದಲು ಅದನ್ನು ತೊಳೆದು ಪೂರ್ಣ ಒಣಗಿಸಬೇಕು. ಬಿರುಕಿನ ತುದಿಯಲ್ಲಿ ಎರಡು ಮಿಲಿಮೀಟರಿನ ಸಣ್ಣ ರಂಧ್ರವನ್ನು ಕೊರೆದರೆ ಅದು ಮುಂದಕ್ಕೆ ಹರಿಯುವುದು ನಿಲ್ಲುತ್ತದೆ. ಅನಂತರ ಎರಡು ಕೊಳವೆಗಳಿಂದ ತೆಗೆದು ಬೆರೆಸುವ ಪಾರದರ್ಶಕ ಎಪಾಕ್ಸಿ ಅಂಟನ್ನು ತೆಳ್ಳಗೆ ತುಂಬಿ ಒಂದು ದಿನ ಬಿಡಬೇಕು. ಕ್ಷಣದಲ್ಲಿ ಹಿಡಿಯುವ ಅಂಟನ್ನು ಬಳಸಬಾರದು; ಅದರ ಆವಿಯು ಒಳಗೆಲ್ಲ ಬಿಳಿಯ ಮಬ್ಬನ್ನು ಕವಿಸುತ್ತದೆ. ಬಿರುಕನ್ನು ಮುಚ್ಚದೆ ಬಿಟ್ಟರೆ ನೀರು ಒಳಹೊಕ್ಕು ಪ್ರತಿಫಲಕದ ಲೇಪವನ್ನು ತಿನ್ನುತ್ತದೆ. ಹತ್ತು ರೂಪಾಯಿಯ ಉದಾಸೀನವು ಸಾವಿರಗಳ ನಷ್ಟವಾಗುವ ಬಗೆ ಇದು.

ಮಳೆಗಾಲದ ಬೆಳಗಿನಲ್ಲಿ ಒಳಗೆ ಕಾಣುವ ತೆಳು ಮಂಜು ಮಾತ್ರ ದೋಷವಲ್ಲ. ದೀಪಕ್ಕೆ ಉಸಿರಾಡಲು ಸಣ್ಣ ರಂಧ್ರಗಳಿವೆ. ದೀಪವು ಉರಿದಾಗ ಮಂಜು ಆರುತ್ತದೆ. ಹನಿಗಳು ನಿಂತರೆ, ಕೆಳಗೆ ನೀರು ಕೂಡಿದರೆ ಮಾತ್ರ ಚಿಂತಿಸಬೇಕು. ಮುಚ್ಚುವ ಭರದಲ್ಲಿ ಆ ರಂಧ್ರಗಳಿಗೇ ಅಂಟನ್ನು ಮೆತ್ತಿದರೆ ತೇವವು ಒಳಗೇ ಸೆರೆಯಾಗುತ್ತದೆ.

ಜೀರ್ಣ: ಹಳದಿಯಾದ ಮುಚ್ಚಳ

ಬಿಸಿಲಿನಲ್ಲಿ ನಿಲ್ಲುವ ಕಾರುಗಳ ಮುಚ್ಚಳವು ಕೆಲವು ವರ್ಷಗಳಲ್ಲಿ ಹಳದಿಯಾಗಿ ಮಂಕಾಗುವುದನ್ನು ಎಲ್ಲರೂ ಕಂಡಿದ್ದಾರೆ. ಸೂರ್ಯನ ನೇರಳಾತೀತ ಕಿರಣಗಳು ಮೇಲಿನ ರಕ್ಷಾಲೇಪವನ್ನು ಸವೆಸಿ ಪ್ಲಾಸ್ಟಿಕ್ಕನ್ನು ಕೆಡಿಸುವುದೇ ಇದಕ್ಕೆ ಕಾರಣ. ಸುತ್ತಲಿನ ಬಣ್ಣಕ್ಕೆ ಕಾಗದದ ಪಟ್ಟಿ ಅಂಟಿಸಿ, ನೀರು ಹಾಕುತ್ತ 800, 1000, 2000, 3000 ಅಂಕೆಗಳ ಎಮರಿ ಪೇಪರಿನಿಂದ ಕ್ರಮವಾಗಿ ಉಜ್ಜಿ, ಪಾಲಿಷ್ ಹಾಕಿದರೆ ಮುಚ್ಚಳವು ತಿಳಿಯಾಗುತ್ತದೆ. ಒಂದು ಅಂಕೆಯ ಗೀರುಗಳು ಮುಂದಿನ ಅಂಕೆಯಲ್ಲಿ ಪೂರ್ಣ ಅಳಿಯುವವರೆಗೆ ಮುಂದುವರಿಯಬಾರದು. ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ಕೆಲವೇ ತಿಂಗಳಲ್ಲಿ ಹಳದಿಯು ಮರಳುತ್ತದೆ. ನೇರಳಾತೀತ ಕಿರಣಗಳನ್ನು ತಡೆಯುವ ಪಾರದರ್ಶಕ ಲೇಪವನ್ನು ಕೊನೆಯಲ್ಲಿ ಹಚ್ಚಿದಾಗಲೇ ಕೆಲಸವು ಸಂಪೂರ್ಣ.

ದುರಸ್ತಿಗೆ ಸಲ್ಲದವು

ಯಾವುದನ್ನು ಮುಟ್ಟಬಾರದೆಂಬ ತಿಳಿವು ದುರಸ್ತಿಯ ಅರ್ಧಭಾಗ. ಪ್ರತಿಫಲಕದ ಅಲ್ಯೂಮಿನಿಯಂ ಲೇಪವು ಅತ್ಯಂತ ತೆಳುವಾದುದು. ಬಟ್ಟೆಯಿಂದ ಒರೆಸಿದರೆ ಕಿತ್ತುಹೋಗುತ್ತದೆ. ಅದು ಸುಟ್ಟಿದ್ದರೆ, ಸುಲಿದಿದ್ದರೆ ದೀಪವನ್ನು ಬದಲಾಯಿಸುವುದೇ ಧರ್ಮ. ಮುಚ್ಚಳದ ನಡುಭಾಗದಲ್ಲಿ, ಬೆಳಕಿನ ಹಾದಿಯಲ್ಲಿಯೇ ದೊಡ್ಡ ಒಡಕಿದ್ದರೂ ಹಾಗೆಯೇ. ಜೆನಾನ್ ದೀಪಗಳನ್ನು ಹೊತ್ತಿಸಲು ಸಾವಿರಾರು ವೋಲ್ಟುಗಳ ವಿದ್ಯುತ್ತು ಬಳಕೆಯಾಗುವುದರಿಂದ ಅವುಗಳ ಗೊಡವೆ ಮನೆಯಲ್ಲಿ ಸಲ್ಲದು. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಚರ್ಮದ ಜಿಡ್ಡು ಅಂಟಿದ ಕಡೆ ಕಾವು ಹೆಚ್ಚಿ ಬಲ್ಬಿನ ಆಯುಸ್ಸು ಕುಗ್ಗುತ್ತದೆ. ಹೆಚ್ಚು ಬೆಳಕಿನ ಆಸೆಗೆ 100 ವ್ಯಾಟಿನ ಬಲ್ಬನ್ನು ಹಾಕಿದರೆ ತಂತಿಯೂ ಕವಚವೂ ಕರಗುವ ಭಯವುಂಟು.

ಗೋಡೆಯ ಪರೀಕ್ಷೆ

ದೀಪವನ್ನು ಮರಳಿ ಕೂರಿಸಿದೊಡನೆ ಕಾರ್ಯವು ಮುಗಿಯಿತೆಂದು ಭಾವಿಸುವುದು ದೊಡ್ಡ ಪ್ರಮಾದ. ಒಂದು ಕೂದಲೆಳೆ ಓರೆಯಾದ ದೀಪವು ಎದುರಿನಿಂದ ಬರುವವನನ್ನು ಕುರುಡಾಗಿಸಬಲ್ಲದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ದೀಪವು ಅನ್ಯರ ಕಣ್ಣು ಕುಕ್ಕದಂತೆ ಕೆಳಮುಖವಾಗಿರಬೇಕೆಂದು ವಿಧಿಸಿವೆ. ಪರೀಕ್ಷೆಯು ಸುಲಭವಾಗಿದೆ. ಸಮತಟ್ಟಾದ ನೆಲದಲ್ಲಿ, ಟೈರುಗಳಿಗೆ ಸರಿಯಾದ ಗಾಳಿ ತುಂಬಿ, ಚಾಲಕನ ಸ್ಥಾನದಲ್ಲಿ ಒಬ್ಬರನ್ನು ಕೂರಿಸಿ, ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರನ್ನು ನಿಲ್ಲಿಸಬೇಕು. ದೀಪದ ನಡುವಿನ ಎತ್ತರವನ್ನು ಅಳೆದು ಗೋಡೆಯ ಮೇಲೆ ಗೆರೆಯೆಳೆಯಬೇಕು. ತಗ್ಗಿದ ಬೆಳಕಿನ ಮೇಲಂಚು ಸಾಮಾನ್ಯವಾಗಿ ಆ ಗೆರೆಗಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ನಮ್ಮದು ಎಡಗಡೆಯ ಸಂಚಾರವಾದುದರಿಂದ ಆ ಅಂಚು ಎಡಕ್ಕೆ ತುಸು ಏರಿ ರಸ್ತೆಯಂಚಿನ ಪಾದಚಾರಿಯನ್ನು ತೋರಿಸುತ್ತದೆ, ಬಲಕ್ಕೆ ತಗ್ಗಿಯೇ ಇರುತ್ತದೆ. ಪೆಟ್ಟಾಗದ ಇನ್ನೊಂದು ದೀಪವೇ ಇಲ್ಲಿ ಮೇಲ್ಪಂಕ್ತಿ. ಎರಡೂ ಹೊಂದುವವರೆಗೆ ಹಿಂದಿನ ತಿರುಪುಗಳನ್ನು ಮೆಲ್ಲಗೆ ತಿರುಗಿಸಬೇಕು. ಹೊಂದದೇ ಹೋದರೆ, ಎಷ್ಟೇ ಶ್ರಮಪಟ್ಟಿದ್ದರೂ, ಆ ದುರಸ್ತಿಯನ್ನು ಒಪ್ಪಬಾರದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ, ಬಾಚಿಕಾಯಕದ ಬಸವಯ್ಯ ಎಂಬ ಹೆಸರುಗಳಿವೆ. ಕೈಯಲ್ಲಿ ಹಿಡಿದ ಉಪಕರಣವೇ ಅಲ್ಲಿ ಹೆಸರಿನ ಭಾಗವಾಗಿ ಗೌರವವನ್ನು ಪಡೆದಿದೆ. ಕೈಕೆಲಸವನ್ನು ಕೀಳೆಂದು ಕಾಣದ ಈ ಪರಂಪರೆಗೆ ಸೇರಿದ ವಿದ್ಯಾಸಂಸ್ಥೆಗಳಲ್ಲಿ, ಗ್ಯಾರೇಜುಗಳು ಬಿಸುಡುವ ಒಡೆದ ದೀಪವೊಂದು ಪ್ರಯೋಗಶಾಲೆಯ ಮೇಜಿನ ಮೇಲೆ ಬರುವುದು ಕಷ್ಟವೇನಲ್ಲ. ಅದನ್ನು ಬಿಚ್ಚಿ ತೋರಿಸಿದರೆ ಪರವಲಯವೂ ಪ್ಲಾಸ್ಟಿಕ್ಕಿನ ರಸಾಯನವೂ ವಿದ್ಯಾರ್ಥಿಯ ಕೈಗೆ ದಕ್ಕುತ್ತವೆ. ಹಿಂದಿನ ವಿದ್ಯಾರ್ಥಿಗಳಲ್ಲಿ ವಾಹನದ ಕಸುಬು ಬಲ್ಲವರು ಇದ್ದೇ ಇರುತ್ತಾರೆ. ಅವರು ವರ್ಷಕ್ಕೆ ಒಂದು ದಿನ ಬಂದು ಕಲಿಸಿದರೂ ಅದೊಂದು ದತ್ತಿಯೇ ಸರಿ. ಶಾಲೆಯ ಮಕ್ಕಳನ್ನು ಸಂಜೆಗತ್ತಲಲ್ಲಿ ಮನೆಗೆ ಮುಟ್ಟಿಸುವ ವಾಹನದ ದೀಪಗಳನ್ನು ಆ ದಿನವೇ ಗೋಡೆಗೆ ಹಿಡಿದು ಪರೀಕ್ಷಿಸಬಹುದು.