ಮೂರು ರಿಮೋಟ್‌ಗೆ ಬದಲು ಒಂದು: ಕೊಳ್ಳುವ ಮೊದಲು ತಿಳಿದಿರಲಿ

ಮಗ ಗಲ್ಫ್‌ಗೆ ಹೊರಟ. ಬಾಯ್ನಾದ ಮನೆಯಲ್ಲಿ ಉಮ್ಮ ಒಬ್ಬರೇ. ಟಿವಿ, ಸೆಟ್‌ಟಾಪ್ ಬಾಕ್ಸ್, ಹೋಂ ಥಿಯೇಟರ್‌ಗೆ ಮೂರು ರಿಮೋಟ್. ಇಂಥ ಮನೆಗಳಿಗೆ ಅಂತಲೇ ಇರೋದು ಯೂನಿವರ್ಸಲ್ ರಿಮೋಟ್.

ರಿಮೋಟ್‌ನಿಂದ ಹೊರಡುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಹೆಚ್ಚಿನವುಗಳಲ್ಲಿ ಅದು ಸೆಕೆಂಡಿಗೆ ಸುಮಾರು 38,000 ಬಾರಿ ಮಿನುಗುತ್ತದೆ. ಕೋಡ್ ಮಾತ್ರ ಕಂಪೆನಿಗೊಂದು. 'ಲರ್ನಿಂಗ್' ರಿಮೋಟ್‌ ಎದುರು ಹಳೆಯದನ್ನು ಹಿಡಿದು ಒಂದೊಂದೇ ಬಟನ್ ಒತ್ತಿದ್ರೆ ಅದು ಕಲಿತುಕೊಳ್ಳುತ್ತದೆ. ಆಪಲ್ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ವೋಝ್ನಿಯಾಕ್ 1987ರಲ್ಲೇ ಇಂಥ ರಿಮೋಟ್ ತಂದಿದ್ದರು. ಹಾಗಾಗಿ ಹಳೆಯ ರಿಮೋಟ್ ಎಸೆಯಬೇಡಿ. ಅದಿಲ್ಲದೆ ಕಲಿಸೋದು ಕಷ್ಟ.

ನಿಜವಾದ ತೊಂದರೆ ಪವರ್ ಬಟನ್‌ನಲ್ಲಿದೆ. ಹಲವು ಸಾಧನಗಳಿಗೆ ಆನ್ ಮಾಡಲೂ ಆಫ್ ಮಾಡಲೂ ಒಂದೇ ಕೋಡ್. 'ಒಂದು ಒತ್ತಿದ್ರೆ ಎಲ್ಲಾ ಆನ್' ಅಂತ ಪ್ರೋಗ್ರಾಂ ಮಾಡಿಟ್ಟರೆ, ಟಿವಿ ಮೊದಲೇ ಆನ್ ಇದ್ದಾಗ ಅದು ಆಫ್ ಆಗಿ ಸ್ಪೀಕರ್ ಮಾತ್ರ ಆನ್ ಆಗುತ್ತೆ. ಮತ್ತೆ ಒತ್ತಿದ್ರೆ ತಿರುಗಾಮುರುಗಾ. ಉಮ್ಮ ಫೋನ್ ಮಾಡ್ತಾರೆ, ಮಗ ದುಬೈನಿಂದ ಏನು ಹೇಳಿಯಾನು? ಪವರ್ ಬಟನ್‌ಗಳನ್ನು ಬೇರೆ ಬೇರೆಯಾಗಿಯೇ ಬಿಡುವುದು ವಾಸಿ.

ಬ್ಲೂಟೂತ್ ರಿಮೋಟ್‌ನ ಕೆಲಸವನ್ನು ಇನ್‌ಫ್ರಾರೆಡ್ ರಿಮೋಟ್ ಕಲಿಯುವುದಿಲ್ಲ, ದುಡ್ಡು ಕೊಡುವ ಮೊದಲು ಕೇಳಿ. ಎಚ್‌ಡಿಎಂಐ-ಸಿಇಸಿ ಮತ್ತು ಎಆರ್‌ಸಿ ಇರುವ ಟಿವಿಗೆ ಹೊಸ ರಿಮೋಟೇ ಬೇಡದಿರಬಹುದು. ಸ್ಪೀಕರ್‌ನಲ್ಲೂ ಅವಿದ್ದರೆ ಎಚ್‌ಡಿಎಂಐ ಕೇಬಲ್ ಹಾಕಿ ಸೆಟ್ಟಿಂಗ್ ಆನ್ ಮಾಡಿದ್ರೆ ಟಿವಿ ರಿಮೋಟ್‌ನಲ್ಲೇ ವಾಲ್ಯೂಮ್ ಬರುತ್ತೆ.

ರಿಮೋಟ್ ಸತ್ತಿದೆಯೋ ಎಂದು ನೋಡಲು ಅದರ ಮೂತಿಯನ್ನು ಫೋನ್‌ನ ಸೆಲ್ಫಿ ಕ್ಯಾಮರಾಕ್ಕೆ ಹಿಡಿದು ಬಟನ್ ಒತ್ತಿ. ಬೆಳಕು ಕಾಣದಿದ್ರೆ ಮೊದಲು ಸೆಲ್‌ನ ಸ್ಪ್ರಿಂಗ್ ಒರೆಸಿ, ಕಡಲ ಬದಿಯಲ್ಲಿ ತುಕ್ಕು ಬೇಗ.